ಹೊರಪಾದೆಯಲ್ಲಿ ನಮ್ಮ ಮನೆಯ ದಿನ

ನಮ್ಮೂರಿನ ದೋಣಿ ಕಟ್ಟುವ ದಕ್ಕೆಯಲ್ಲಿ ನಿಂತರೆ ನೇರ ಎದುರಿಗೆ, ದೋಣಿಯಲ್ಲಿ ಅರ್ಧ ಗಂಟೆ ದೂರದಲ್ಲಿ, ಹೊರಪಾದೆ ಕಾಣುತ್ತದೆ. ಸಮುದ್ರದ ನಡುವೆ ಎರಡು ಮನೆಯಂಗಳದಷ್ಟು ಅಗಲದ ಕಪ್ಪು ಬಂಡೆ. ಹುಲ್ಲಿಲ್ಲ, ನೆರಳಿಲ್ಲ. ಅಲ್ಲಿ ಬಲೆ ಬೀಸಿದರೆ ಏನೂ ಬೀಳುವುದಿಲ್ಲ, ಗಾಳಕ್ಕೆ ಮಾತ್ರ ಮೀನು. ಅದಕ್ಕೂ ಇಬ್ಬರು ಹೋಗಬೇಕು. ಗಾಳ ಹಿಡಿದವರು ಜೊತೆಯವರಿಗೆ ಅಲ್ಲಿಯವರೆಗೆ ಗೊತ್ತಿಲ್ಲದ ಒಂದು ನಿಜವನ್ನು ಹೇಳಬೇಕು. ಹೇಳಿದರೆ ಬೆಂಡು ಮುಳುಗುತ್ತದೆ. ಸಣ್ಣ ನಿಜಕ್ಕೆ ಸಣ್ಣ ಮೀನು, ದೊಡ್ಡದಕ್ಕೆ ದೊಡ್ಡದು. ಸುಳ್ಳಿಗೆ ಏನೂ ಇಲ್ಲ. ಕೇಳುವವರಿಗೆ ಮೊದಲೇ ಗೊತ್ತಿದ್ದರೂ ಏನೂ ಇಲ್ಲ. ಹಾಗೇಕೆ ಎಂದು ಕೇಳುವವರು ಹೊರಗಿನಿಂದ ಬಂದವರು. ನಮಗೆ ಅಷ್ಟು ಪುರುಸೊತ್ತಿಲ್ಲ.

ಮನೆಗೆ ವರ್ಷಕ್ಕೆ ಒಂದು ದಿನ. ಯಾರ ದಿನ ಯಾವಾಗ ಎಂದು ಮೀನುಗಾರರ ಸೊಸೈಟಿಯ ಗೋಡೆಯ ಮೇಲೆ ಬರೆದಿರುತ್ತದೆ. ಹೊಸದಾಗಿ ಮದುವೆಯಾದವರು ನಾಚಿಕೊಂಡು ಹೋಗಿ ಬೆರಳುದ್ದದ ಮೀನು ತರುತ್ತಾರೆ. ಮನೆಯಲ್ಲಿ ಯಾರಾದರೂ ಏನಾದರೂ ಬಾಯಿಬಿಡಲು ಹೊರಟರೆ, "ಸುಮ್ಮನಿರು, ಅದನ್ನು ಪಾದೆಗೆ ಇಟ್ಕೊ" ಎಂದು ಹೆಂಗಸರು ಗದರುವುದುಂಟು. ಎಲ್ಲ ಹೇಳಿ ಮುಗಿಸಿದ ಮುದುಕರು ದಕ್ಕೆಯಲ್ಲೇ ಕೂತು ಬೀಡಿ ಸೇದುತ್ತಾರೆ. ಇನ್ನು ಎರಡು ಕಟ್ಟಳೆ. ಪಾದೆಯಲ್ಲಿ ಕೇಳಿದ್ದನ್ನು ದಕ್ಕೆಗೆ ತರಬಾರದು. ಪಾದೆಯಿಂದ ಬಂದ ಬುಟ್ಟಿಯ ಬಟ್ಟೆ ಎತ್ತಿ ನೋಡಬಾರದು. ಮೀನಿನ ಗಾತ್ರ ಕಂಡರೆ ಗುಟ್ಟಿನ ಗಾತ್ರ ಕಂಡಂತೆ ಅಲ್ಲವೇ. ಹಾಗಾಗಿ ಪಾದೆಯ ದೋಣಿ ದಕ್ಕೆಗೆ ತಾಗುವಾಗ ಇದ್ದಬದ್ದವರೆಲ್ಲ ಮುಖ ತಿರುಗಿಸಿ ಬೆನ್ನು ಹಾಕಿ ನಿಲ್ಲುತ್ತಾರೆ. ಮರ್ಯಾದೆ ಎಂದರೆ ನಮ್ಮಲ್ಲಿ ಅದೇ.

ನಾನು ಜಲಜ. ಈ ಊರಿನ ಅಷ್ಟೂ ಗಾಳಗಳಿಗೆ ಬೆಂಡು ಮಾಡಿಕೊಡುವವಳು. ಹಾಲೆ ಮರದ ಹಗುರ ಕಟ್ಟಿಗೆಯನ್ನು ಬೆರಳಿನಷ್ಟು ಉದ್ದಕ್ಕೆ ಕೆತ್ತಿ, ತಿಕ್ಕಿ, ತಲೆಗೆ ಕೆಂಪು ಬಳಿದು ಕೊಡುತ್ತೇನೆ. ಮೀನು ಬಾಯಿ ತಾಗಿಸಿದರೆ ಸಾಕು, ನನ್ನ ಬೆಂಡು ತಿಳಿಸುತ್ತದೆ. ಕೆಲಸದಲ್ಲಿ ನನಗೆ ಹೆಸರಿದೆ. ನನ್ನ ಬಾಯಿಯ ಬಗ್ಗೆ ಜನ ಬೇರೆ ಹೇಳುತ್ತಾರೆ, ಅದು ಬಿಡಿ.

ಮೂವತ್ತೊಂದು ವರ್ಷದ ಹಿಂದೆ ಆ ಬಟ್ಟೆ ಎತ್ತಿದವಳು ನಾನು. ನನಗಾಗ ಹತ್ತೊಂಬತ್ತು. ಅಣ್ಣ ಹೊನ್ನಪ್ಪ ಮತ್ತು ಅತ್ತಿಗೆ ನಾಗವೇಣಿ ಪಾದೆಗೆ ಹೋಗಿ ಬಂದಿದ್ದರು. ಅತ್ತಿಗೆ ಮನೆಗೆ ಬಂದವಳೇ ಬುಟ್ಟಿಯನ್ನು ಅಡುಗೆಮನೆಯಲ್ಲಿಟ್ಟು ಬಾವಿಕಟ್ಟೆಗೆ ಹೋಗಿ ಅಳುತ್ತಾ ಕೂತಳು. ನಾನು ಬಟ್ಟೆ ಎತ್ತಿ ನೋಡಿದೆ. ಒಳಗೆ ನನ್ನ ತೋಳಿನಷ್ಟು ಉದ್ದದ ಮುರು ಮೀನು. ಅಂಥ ಮೀನು ಪಾದೆಯಿಂದ ಬಂದದ್ದನ್ನು ನಾನು ಕೇಳಿಯೂ ಇರಲಿಲ್ಲ. ಓಡಿಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಬಾವಿಕಟ್ಟೆಯ ಕಡೆ ನೋಡಿದಳು, ಬುಟ್ಟಿಯ ಕಡೆ ನೋಡಿದಳು, ಅಲ್ಲಿಗೆ ತೀರ್ಮಾನವಾಯಿತು. ಅಳುತ್ತಿರುವವಳು ಅತ್ತಿಗೆ, ಆದ್ದರಿಂದ ಹೇಳಿಕೊಂಡವಳೂ ಅತ್ತಿಗೆಯೇ. ಗಾಳ ಯಾರ ಕೈಯಲ್ಲಿತ್ತು ಎಂದು ಒಬ್ಬರೂ ಕೇಳಲಿಲ್ಲ. ಅಮ್ಮ ಅಣ್ಣನನ್ನು ಕರೆದು, "ಎಂತ ಹೇಳಿದಳು ಅವಳು?" ಎಂದಳು. ಅಣ್ಣ ತಲೆ ತಗ್ಗಿಸಿ, "ಪಾದೆಯ ಮಾತು ದಕ್ಕೆಗೆ ತರುದಿಲ್ಲ ಅಮ್ಮ" ಎಂದ. ಎಂಥ ದೊಡ್ಡ ಮನಸ್ಸು ಎಂದು ಕೇರಿಯೆಲ್ಲ ಅವನನ್ನು ಹೊಗಳಿತು. ಅತ್ತಿಗೆಯನ್ನು ಕೇಳಿದಾಗ ಅವಳೂ ಅದೇ ಮಾತು ಹೇಳಿದಳು. ಅವಳನ್ನು ಯಾರೂ ಹೊಗಳಲಿಲ್ಲ.

ಹದಿನೈದು ದಿನದಲ್ಲಿ ಅವಳನ್ನು ಮನೆಯಿಂದ ಕಳಿಸಿದರು. ಹೋಗುವಾಗ ಎರಡು ತಿಂಗಳ ಬಸುರಿ. ಮಗು ಹುಟ್ಟಿದ ಮೇಲೆ ಊರಿನವರು ಬೆರಳು ಮಡಚಿ ಲೆಕ್ಕ ಹಾಕಿ, ಓ, ಬೇರೆಯವನ ಮಗು, ಇದೇ ಇರಬೇಕು ಆ ದೊಡ್ಡ ಮೀನು ಎಂದರು. ತವರಿನವರು ಸೇರಿಸಲಿಲ್ಲ. ಐಸ್ ಫ್ಯಾಕ್ಟರಿಯ ಹಿಂದಿನ ಒಂದು ಕೋಣೆಯಲ್ಲಿ ಮೀನು ಒಣಗಿಸಿಕೊಂಡು ಅವಳು ಮಗಳನ್ನು ಸಾಕಿದಳು. ಮಗಳು ತುಂಗಾ. ಈಗ ಮೂವತ್ತು ವರ್ಷ, ಐಸ್ ಫ್ಯಾಕ್ಟರಿಯಲ್ಲೇ ತೂಕ ಬರೆಯುವ ಕೆಲಸ. ಎರಡು ಸಂಬಂಧ ಬಂದು, ಅಪ್ಪ ಯಾರು ಎಂಬಲ್ಲಿಗೆ ನಿಂತುಹೋದವು. ಎದುರು ಸಿಕ್ಕರೆ ಅವಳು ನನ್ನನ್ನು ಮಾತಾಡಿಸುತ್ತಿರಲಿಲ್ಲ. ತೀರಾ ಅನಿವಾರ್ಯವಾದರೆ 'ಇವರೇ' ಎನ್ನುತ್ತಿದ್ದಳು.

ಹೋದ ತಿಂಗಳು ಅಣ್ಣ ತೀರಿಕೊಂಡ. ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದಾಗ ತುಂಗಾ ಬಂದು ಗೇಟಿನ ಹೊರಗೆ ನಿಂತಳು. ನಮ್ಮ ಕಡೆಯವರು ಗೇಟು ಮುಚ್ಚಿ ಅಡ್ಡ ನಿಂತರು. ಅವಳು ಜಗಳವಾಡಲಿಲ್ಲ, ಕಾಲ್ತುದಿಯಲ್ಲಿ ನಿಂತು ಜನರ ತಲೆಯ ಮೇಲಿಂದ ಮುಖ ಕಾಣುತ್ತದೋ ಎಂದು ನೋಡಿದಳು. ನಾನು ಜಗಲಿಯ ಮೇಲಿದ್ದೆ. ಬಿಡಿ ಅವಳನ್ನು ಎಂದು ಒಂದು ಮಾತು ಹೇಳಿದ್ದರೆ ಬಿಡುತ್ತಿದ್ದರು. ಹೇಳಲಿಲ್ಲ. ಅಂದಿನಿಂದ ಊಟ ಗಂಟಲಲ್ಲಿ ಇಳಿಯುತ್ತಿಲ್ಲ. ಅಷ್ಟರಲ್ಲಿ ಸೊಸೈಟಿಯ ಗೋಡೆಯ ಮೇಲೆ ನಮ್ಮ ಮನೆಯ ದಿನ ಬಂತು. ಅಮ್ಮ ಎಂದೋ ತೀರಿಹೋಗಿದ್ದಳು. ಮನೆಯಲ್ಲಿ ಉಳಿದವಳು ನಾನೊಬ್ಬಳೇ, ಜೊತೆಗೆ ಯಾರನ್ನು ಕರೆಯಬೇಕೆಂಬುದು ನನಗೇ ಬಿಟ್ಟದ್ದು.

ಐಸ್ ಫ್ಯಾಕ್ಟರಿಯ ಹಿಂದೆ ಹೋದೆ. ಅತ್ತಿಗೆ ಚಾಪೆಯ ಮೇಲೆ ಬೂತಾಯಿ ಮೀನು ಹರವುತ್ತಿದ್ದಳು. ತಲೆಯೆತ್ತಿ ನೋಡಿ, "ಓಹೋ, ದಾರಿ ತಪ್ಪಿತಾ?" ಎಂದಳು.

"ನಾಡಿದ್ದು ನಮ್ಮ ಮನೆಯ ದಿನ. ನೀನು ಬರಬೇಕು ಅತ್ತಿಗೆ."

ಅವಳ ಕೈ ನಿಲ್ಲಲಿಲ್ಲ. "ನನ್ನ ಹತ್ರ ಹೇಳ್ಲಿಕ್ಕೆ ಎಂತದೂ ಇಲ್ಲ ಜಲಜಾ."

"ಹೇಳುದು ನಾನು."

ಅವಳು ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿ, "ಆಯ್ತು, ಬರ್ತೇನೆ. ಗಂಜಿ ನೀನು ತಾ, ಚಟ್ನಿ ನಾನು ತರ್ತೇನೆ" ಎಂದಳು. ನಾನೇನು ಬಯಸಿದ್ದೆ ಎಂದು ಮುಚ್ಚಿಡುವುದಿಲ್ಲ. ಅವಳು 'ಆಯ್ತು ಬಿಡು' ಎನ್ನಬೇಕಿತ್ತು. ಆಮೇಲೆ ನಾನು ನೆಮ್ಮದಿಯಾಗಿ ಉಣ್ಣಬೇಕಿತ್ತು. ಅಷ್ಟೇ.

ಬೆಳಿಗ್ಗೆ ಆರಕ್ಕೆ ಲೂಯಿಸನ ದೋಣಿ ನಮ್ಮನ್ನು ಪಾದೆಗೆ ಇಳಿಸಿ, ನಾಲ್ಕಕ್ಕೆ ಬರುತ್ತೇನೆಂದು ಹೇಳಿ ಹೋಯಿತು. ಮಳೆಗಾಲ ಮುಗಿದು ನೀರು ತಿಳಿಯಾಗಿತ್ತು. ಪಾಚಿಗೆ ಜಾರದಂತೆ ಇಬ್ಬರೂ ಪಾದಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿಕೊಂಡೆವು. ಬಡಗು ಮೂಲೆಯಲ್ಲಿ ಅಲೆ ಬಂಡೆಗೆ ಬಡಿದು ಹಿಂದೆ ಸರಿಯುವಲ್ಲಿ ಒಂದು ನೊರೆಯ ಗೆರೆ ಮೂಡುತ್ತದೆ. ಮೀನು ನಿಲ್ಲುವುದು ಆ ಗೆರೆಯ ಅಡಿಯಲ್ಲಿ. ಜಜ್ಜಿದ ಬೂತಾಯಿಯನ್ನು ತೌಡಿನ ಜೊತೆ ಕಲಸಿ ಮುಷ್ಟಿ ಮುಷ್ಟಿಯಾಗಿ ಅಲ್ಲಿಗೆ ಎಸೆದೆ. ಬೆಂಡಿನಿಂದ ಕೆಳಗೆ ಎರಡು ಮಾರು ದಾರ ಬಿಟ್ಟು, ಗಾಳಕ್ಕೆ ಹಸಿ ಸಿಗಡಿ ಚುಚ್ಚಿ ಬೀಸಿದೆ. ಕೆಂಪು ತಲೆ ಎದ್ದು ನಿಂತು ನೊರೆಯ ಪಕ್ಕಕ್ಕೆ ನಿಧಾನ ಸರಿಯಿತು. ಅತ್ತಿಗೆ ಕೈಬಲೆಯನ್ನು ಪಕ್ಕದಲ್ಲಿಟ್ಟುಕೊಂಡು ಬಂಡೆಯ ತಗ್ಗಿನಲ್ಲಿ ಕೂತಳು.

ದೊಡ್ಡದನ್ನು ಮೊದಲೇ ಹೇಳಲು ನಾಲಿಗೆ ಏಳಲಿಲ್ಲ. ಸಣ್ಣದರಿಂದ ಶುರುಮಾಡಿದೆ. "ನೀನು ಮಾಡುತ್ತಿದ್ದ ಹಲಸಿನೆಲೆ ಕಡುಬು ನನಗೆ ಒಂದು ದಿನವೂ ಸೇರಲಿಲ್ಲ."

ಬೆಂಡು ತಟಕ್ಕನೆ ಮುಳುಗಿತು. ಬೆರಳುದ್ದದ ಮೀನು. ಅತ್ತಿಗೆ ಬಾಯಿ ಮುಚ್ಚಿಕೊಂಡು ನಕ್ಕಳು. "ಸೇರದಿದ್ರೆ ಆರಾರು ತಿಂತಿದ್ದಿ ಎಂತಕ್ಕೆ ಮಾರಾಯ್ತಿ?"

"ಅಮ್ಮನ ಹೆದರಿಕೆಗೆ." ಅದಕ್ಕೂ ಒಂದು ಬೆರಳುದ್ದದ್ದು ಬಂತು.

"ನಿನ್ನ ತವರಿನ ಕನ್ನಡಿ ಒಡೆದದ್ದು ಬೆಕ್ಕಲ್ಲ, ನಾನು." ಬಂಗುಡೆಯಷ್ಟು ದೊಡ್ಡದು ಬಂತು. ಅತ್ತಿಗೆ ನಗುತ್ತಲೇ, "ಪಾಪ, ಆ ಬೆಕ್ಕಿಗೆ ಮೂರು ದಿನ ಹಾಲು ಹಾಕ್ಲಿಲ್ಲ ನಾನು" ಎಂದಳು. ಮೂರು ವರ್ಷ ಒಂದೇ ಅಡುಗೆಮನೆಯಲ್ಲಿ ಹೀಗೇ ನಕ್ಕುಕೊಂಡು ಇದ್ದವರು ನಾವು.

ಬಿಸಿಲು ನೆತ್ತಿಗೆ ಬಂತು. ಇಳಿತದ ನೀರು ಬಂಡೆಯ ಬುಡದ ಚಿಪ್ಪುಗಳನ್ನು ತೋರಿಸುತ್ತಾ ಕೆಳಗೆ ಹೋಯಿತು. ಗಂಜಿ ಕುಡಿದು ಕೈ ತೊಳೆದು, ಹೊಸ ಸಿಗಡಿ ಚುಚ್ಚಿ ಗಾಳ ಬೀಸಿದೆ. ಬೆಂಡು ನೆಟ್ಟಗೆ ನಿಂತ ಮೇಲೆ, ಅದನ್ನೇ ನೋಡುತ್ತಾ ಹೇಳಿದೆ. "ಅತ್ತಿಗೆ, ಆ ದಿನ ಬುಟ್ಟಿಯ ಬಟ್ಟೆ ಎತ್ತಿದ್ದು ನಾನು. ಅಮ್ಮನಿಗೆ ಹೇಳಿದ್ದೂ ನಾನು. ನಿನ್ನ ಸಂಸಾರ ಮುರಿದದ್ದು ನಾನು."

ಬೆಂಡು ಅಲ್ಲಾಡಲಿಲ್ಲ.

ಎಳೆದು ನೋಡಿದೆ, ಸಿಗಡಿ ಸರಿಯಾಗಿಯೇ ಇತ್ತು. ದಾರ ಅರ್ಧ ಮಾರು ಇಳಿಸಿ ಮತ್ತೆ ಬೀಸಿದೆ. ಮತ್ತೆ ಹೇಳಿದೆ, ಈ ಸಲ ಜೋರಾಗಿ, ಕೇಳಿಸಲಿಲ್ಲವೇನೋ ಎಂಬಂತೆ. ಕೆಂಪು ತಲೆ ಸುಮ್ಮನೆ ಅಲೆಯ ಮೇಲೆ ಏಳುತ್ತಾ ಇಳಿಯುತ್ತಾ ನಿಂತಿತ್ತು. ಮೂವತ್ತೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದಕ್ಕೆ ಒಂದು ಸಿಗಡಿಮರಿಯೂ ಇಲ್ಲವೇ ಎಂದು, ಹೇಳಲು ನಾಚಿಕೆ, ನನಗೆ ಸಿಟ್ಟೇ ಬಂತು.

"ಎಷ್ಟು ಸಲ ಹೇಳ್ತಿ?" ಎಂದಳು ಅತ್ತಿಗೆ. "ನನಗೆ ಗೊತ್ತುಂಟು. ಬಾವಿಕಟ್ಟೆಯಿಂದ ಅಡುಗೆಮನೆಯ ಕಿಟಕಿ ಕಾಣ್ತದೆ. ನೀನು ಬಟ್ಟೆ ಎತ್ತಿದ್ದು ನೋಡಿದ್ದೆ ನಾನು."

"ಅಂದಿನಿಂದಲೂ ಗೊತ್ತಿತ್ತಾ?"

"ಹೂಂ. ಮೊದಮೊದಲು ನಿನ್ನ ಹೆಸರು ತೆಗೆದು ಶಾಪ ಹಾಕ್ತಿದ್ದೆ. ಆಮೇಲೆ ಬಿಟ್ಟೆ. ಹತ್ತೊಂಬತ್ತು ವರ್ಷದ ಹುಡುಗಿ, ಎಂತದೋ ಆಸೆಗೆ ನೋಡಿದ್ದಿ. ಊರೆಲ್ಲ ನಂಬಿದ್ದನ್ನು ನೀನೂ ನಂಬಿದ್ದಿ. ನಂಬಿದವರ ಮೇಲೆ ಎಂತ ಸಿಟ್ಟು ಮಾಡುದು? ಅದು ಮುಗಿದ ಕತೆ. ಬಿಡು."

ನಾನು ಬಯಸಿ ಬಂದದ್ದು ಆ ಮಾತನ್ನೇ. ಗಾಳ ಸುತ್ತಿಟ್ಟು, ಅವಳ ಕೈ ಹಿಡಿದುಕೊಂಡು ಅತ್ತು, ನಾಲ್ಕು ಗಂಟೆಯವರೆಗೆ ಹಳೆಯದನ್ನು ಮಾತಾಡುತ್ತಾ ಕೂರಬಹುದಿತ್ತು. ಆದರೆ 'ನೀನೂ ನಂಬಿದ್ದಿ' ಎಂದಳಲ್ಲ, ಅದು ಮುಳ್ಳಾಗಿ ಚುಚ್ಚಿತು. ಗಾಳ ಇನ್ನೂ ನೀರಿನಲ್ಲೇ ಇತ್ತು. ಅದರ ಎದುರು ಸುಮ್ಮನಿರುವುದೂ ಸುಳ್ಳು ಹೇಳಿದಂತೆಯೇ ಎನಿಸಿತು.

"ನಂಬಿರಲಿಲ್ಲ ಅತ್ತಿಗೆ" ಎಂದೆ. "ಮೊದಲು ನಂಬಿದ್ದೆ. ಇಪ್ಪತ್ತೆರಡು ವರ್ಷದ ಹಿಂದೆ, ನನ್ನ ಗಂಡ ತೀರಿಹೋಗಿ ನಾನು ತಿರುಗಿ ಮನೆಗೆ ಬಂದ ಮೇಲೆ, ಅಣ್ಣ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದ. ಇದೇ ಮೂಲೆಯಲ್ಲಿ ಕೂತು ಹೇಳಿದ. ಆ ದಿನ ಗಾಳ ಹಿಡಿದದ್ದು ಅವನು. ತೆಂಕಣ ಬಂದರಿನಲ್ಲಿ ಅವನಿಗೆ ಇನ್ನೊಬ್ಬಳು ಇದ್ದದ್ದು, ಅವಳಲ್ಲಿ ಗಂಡುಮಗು ಇದ್ದದ್ದು, ಅದನ್ನು ನಿನಗೆ ಹೇಳಿದ್ದು, ಎಲ್ಲ ಹೇಳಿದ. ತುಂಗಾ ತನ್ನ ಮಗಳೇ ಅಂತಲೂ ಹೇಳಿದ. ನಿನ್ನ ತಪ್ಪು ಒಂದು ಕಾಳಿನಷ್ಟೂ ಇಲ್ಲ ಅಂತ ನನಗೆ ಇಪ್ಪತ್ತೆರಡು ವರ್ಷದಿಂದ ಗೊತ್ತುಂಟು."

ಮಾತು ಮುಗಿಯುವ ಮೊದಲೇ ಬೆಂಡು ಮಾಯವಾಯಿತು. ಮುಳುಗಿದ್ದಲ್ಲ, ಯಾರೋ ಕೆಳಗಿನಿಂದ ಕಿತ್ತುಕೊಂಡಂತೆ ಹೋಯಿತು. ಕೋಲು ಬಾಗಿ ತುದಿ ನೀರಿಗೆ ತಾಗಿತು. ನಾನು ಬಂಡೆಯ ಬಿರುಕಿಗೆ ಹಿಮ್ಮಡಿ ಕೊಟ್ಟು ನಿಂತೆ. ಅದು ಬುಡದ ಕಲ್ಲಿನ ಸಂದಿಗೆ ನುಗ್ಗಲು ನೋಡಿತು. ಬಿಟ್ಟರೆ ದಾರ ಉಜ್ಜಿ ತುಂಡಾಗುತ್ತದೆ, ಬಿಗಿ ಮಾಡಿದರೆ ಕೋಲು ಮುರಿಯುತ್ತದೆ. ಎಷ್ಟು ಹೊತ್ತು ಎಳೆದಾಡಿದೆನೋ ಗೊತ್ತಿಲ್ಲ, ಅಂಗೈ ಕಿತ್ತು ರಕ್ತ ಬಂತು. ಅತ್ತಿಗೆ ಎದ್ದು, ಮೊಣಕಾಲಿನವರೆಗೆ ನೀರಿಗಿಳಿದು, ಕೈಬಲೆ ಹಿಡಿದು ಕಾದಳು. ಮೀನು ಮೇಲೆ ಬಂದಾಗ ಒಂದೇ ಸಲಕ್ಕೆ ಬಾಚಿ ಬಂಡೆಗೆ ಹಾಕಿದಳು. ಮುರು ಮೀನು, ನನ್ನ ಸೊಂಟದೆತ್ತರ. ಕಿವಿರು ಬಡಿಯುತ್ತಾ ಬಿದ್ದಿತ್ತು.

ಅತ್ತಿಗೆ ಸೀರೆ ಹಿಂಡಿಕೊಂಡಳು. ಮುಖದ ಮೇಲೆ ಬೆಳಗಿನ ನಗುವಿನ ಗುರುತೂ ಇರಲಿಲ್ಲ. "ಇಪ್ಪತ್ತೆರಡು ವರ್ಷ" ಎಂದಳು. "ತುಂಗಾ ಆಗ ಮೂರನೇ ಕ್ಲಾಸು. ಅಪ್ಪನ ಹೆಸರು ಕೇಳಿಕೊಂಡು ಬಾ ಅಂತ ಮಾಸ್ಟ್ರು ಕಳಿಸಿದ್ರು. ಇಡೀ ದಿನ ಬಾಗಿಲ ಹಿಂದೆ ಕೂತಿತ್ತು ಮಗು."

"ಪಾದೆಯ ಮಾತು ದಕ್ಕೆಗೆ ತರಬಾರದಲ್ಲ ಅತ್ತಿಗೆ..."

"ಬಟ್ಟೆ ಎತ್ತಬಾರದು ಅಂತಲೂ ಇತ್ತು. ಅದನ್ನು ಎತ್ತಿದಿ."

ಇದ್ದ ಕಾರಣವನ್ನೇ ಹೇಳಿದೆ. "ನೀನು ತಿರುಗಿ ಬಂದರೆ ಆ ಮನೆಯಲ್ಲಿ ನನಗೆ ಜಾಗ ಇರ್ತದಾ ಅಂತ ಹೆದರಿಕೆ. ಒಲೆ ನನ್ನ ಕೈಗೆ ಬಂದಿತ್ತು. ಬಿಡ್ಲಿಕ್ಕೆ ಮನಸ್ಸಾಗಲಿಲ್ಲ. ಅಣ್ಣ ಹೇಳಿದ ದಿನ ಬಂದ ಮೀನನ್ನು ಎರಡು ದಿನ ಸಾರು ಮಾಡಿ ತಿಂದೆವು. ರುಚಿಯಾಗಿಯೇ ಇತ್ತು."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಬಂಡೆಯ ಆಚೆ ತುದಿಗೆ ಹೋಗಿ ನನಗೆ ದೂರವಾಗಿ ಕೂತಳು. ಅಲ್ಲಿಂದಲೇ ಕೇಳಿದಳು. "ಈಗ ಹಗುರ ಆಯ್ತಾ ನಿನಗೆ?"

"ಇಲ್ಲ."

"ಆಗ್ಲಿಕ್ಕೂ ಇಲ್ಲ. ನನ್ನ ಹತ್ರ ಹೇಳಿದ್ರೆ ಎಂತ ಬಂತು? ನಾನು ಎಂತದು, ಎಂತದಲ್ಲ ಅಂತ ನನಗೆ ಮೊದಲೇ ಗೊತ್ತುಂಟು. ಹೇಳಬೇಕಾದ್ದು ಇಲ್ಲಿ ಅಲ್ಲ ಜಲಜಾ." ಅವಳು ಗಲ್ಲವೆತ್ತಿ ದಡದ ಕಡೆ ತೋರಿಸಿದಳು. ಬಿಸಿಲಿನಲ್ಲಿ ದಕ್ಕೆ, ಸೊಸೈಟಿಯ ಹೆಂಚು, ಐಸ್ ಫ್ಯಾಕ್ಟರಿಯ ಗೋಡೆ ಎಲ್ಲ ಸ್ಪಷ್ಟ ಕಾಣುತ್ತಿದ್ದವು. ನಮ್ಮೂರಲ್ಲಿ ಆವರೆಗೆ ಯಾರೂ ಆ ಕೆಲಸ ಮಾಡಿರಲಿಲ್ಲ.

ನಾಲ್ಕಕ್ಕೆ ಲೂಯಿಸ ಬಂದ. ನಾವು ಬುಟ್ಟಿ ಹತ್ತಿಸುವಾಗ ಎಂದಿನಂತೆ ಮುಖ ಆಚೆ ಮಾಡಿ ಕೂತ. ಮೀನಿನ ಬಾಲ ಬಟ್ಟೆಯಿಂದ ಹೊರಗೆ ಚಾಚಿಕೊಂಡಿತ್ತು. ದಕ್ಕೆ ಹತ್ತಿರವಾದಂತೆ ಜನ ಕಂಡರು. ಮೀನು ಹರಾಜಿನ ಹೊತ್ತು, ಐವತ್ತು ಅರವತ್ತು ಮಂದಿಯಾದರೂ ಇದ್ದರು. ದೋಣಿ ತಾಗುತ್ತಿದ್ದಂತೆ ಎಲ್ಲರೂ ತಿರುಗಿ ನಿಂತರು. ಐಸ್ ಫ್ಯಾಕ್ಟರಿಯ ಕೆಲಸ ಬಿಟ್ಟು ಅಮ್ಮನನ್ನು ಕರೆದೊಯ್ಯಲು ಬಂದಿದ್ದ ತುಂಗಾಳೂ ಬೆನ್ನು ಹಾಕಿ ನಿಂತಿದ್ದಳು.

ನಾನು ಬುಟ್ಟಿಯನ್ನು ದಕ್ಕೆಯ ಕಲ್ಲಿನ ಮೇಲೆ ಇಳಿಸಿ ಬಟ್ಟೆಯನ್ನು ಕಿತ್ತು ತೆಗೆದೆ. "ನೋಡಿ" ಎಂದೆ. "ಎಲ್ಲರೂ ನೋಡಿ. ಇದು ನನ್ನ ಬಾಯಿಂದ ಬಂದದ್ದು."

ಒಬ್ಬರೂ ತಿರುಗಲಿಲ್ಲ. ಎಷ್ಟು ಮರ್ಯಾದಸ್ಥರು ನಮ್ಮೂರಿನವರು! ಸೊಸೈಟಿಯ ಮುದುಕ ಸೋಮಯ್ಯ ಬೆನ್ನು ಹಾಕಿಕೊಂಡೇ, "ಜಲಜಕ್ಕ, ಮುಚ್ಚಿ ಮಾರಾಯ್ರೆ. ತಲೆ ಸರಿ ಉಂಟಾ ನಿಮಗೆ? ಪಾದೆಯದ್ದು ಪಾದೆಗೇ ಇರ್ಲಿ" ಎಂದ.

"ಇರ್ಲಿಕ್ಕೆ ಬಿಟ್ಟೇ ಮೂವತ್ತೊಂದು ವರ್ಷ ಆಯ್ತು ಸೋಮಯ್ಯ" ಎಂದು ಕಿರುಚಿದೆ. ಆಮೇಲೆ ಆ ಅರವತ್ತು ಬೆನ್ನುಗಳಿಗೆ ಹೇಳಿದೆ. ನನ್ನ ಅಣ್ಣ ಹೊನ್ನಪ್ಪನಿಗೆ ತೆಂಕಣ ಬಂದರಿನಲ್ಲಿ ಬೇರೆ ಸಂಸಾರವಿತ್ತು. ಅಂದು ಗಾಳ ಹಿಡಿದವನು ಅವನು, ಆ ಮೀನು ಅವನದು. ನಾಗವೇಣಿ ಅತ್ತಿಗೆ ಬರೀ ಕೇಳಿಸಿಕೊಂಡವಳು. ತುಂಗಾ ನನ್ನ ಅಣ್ಣನ ಮಗಳು, ನಮ್ಮ ಮನೆಯ ರಕ್ತ. ಗಂಟಲು ಹರಿದುಹೋಗುವಂತೆ ಒಂದೊಂದೇ ಹೇಳಿದೆ. ಮೊದಲು ಯಾರೋ ಹೆಂಗಸು ಓರೆಗಣ್ಣಲ್ಲಿ ನೋಡಿದಳು. ಆಮೇಲೆ ಸೋಮಯ್ಯ ತಿರುಗಿದ. ಹಾಗೇ ಒಬ್ಬೊಬ್ಬರಾಗಿ ತಿರುಗಿ ಮೀನನ್ನು ನೋಡಿದರು, ಅತ್ತಿಗೆಯನ್ನು ನೋಡಿದರು. ಅತ್ತಿಗೆ ತಲೆ ಎತ್ತಿಕೊಂಡೇ ನಿಂತಿದ್ದಳು.

ತುಂಗಾ ಕೊನೆಗೆ ತಿರುಗಿದಳು. ಮೀನನ್ನು ನೋಡಲಿಲ್ಲ. ನೇರ ನನ್ನ ಎದುರಿಗೆ ಬಂದು ನಿಂತಳು. ಹತ್ತಿರದಿಂದ ನೋಡಿದರೆ ಹುಬ್ಬು, ಹಣೆ ಎಲ್ಲ ಅಣ್ಣನದೇ. "ಅವರಿಗೆ ಗೊತ್ತಿತ್ತಾ, ನಾನು ಅವರ ಮಗಳು ಅಂತ?" ಎಂದು ಕೇಳಿದಳು.

ದಕ್ಕೆಯಲ್ಲಿ ಬೆಂಡಿಲ್ಲ, ಗಾಳವಿಲ್ಲ. ಇಲ್ಲ ಮಗಾ, ಅವನಿಗೂ ಅನುಮಾನವಿತ್ತು ಎಂದು ಹೇಳಿದ್ದರೆ ಅವಳಿಗೆ ಅಷ್ಟಾದರೂ ಸಮಾಧಾನ ಉಳಿಯುತ್ತಿತ್ತೇನೋ. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿತ್ತು" ಎಂದೆ. "ಮೊದಲ ದಿನದಿಂದ ಗೊತ್ತಿತ್ತು."

ತುಂಗಾ ತಲೆಯಾಡಿಸಿದಳು. ಕಣ್ಣಲ್ಲಿ ನೀರಿರಲಿಲ್ಲ. ತೂಕದ ಚೀಟಿಯಲ್ಲಿ ಏನೋ ಓದಿ ಮುಗಿಸಿದವಳ ಹಾಗೆ ಅಮ್ಮನ ಕೈಯಿಂದ ಚಟ್ನಿಯ ಪಾತ್ರೆ ತೆಗೆದುಕೊಂಡು, ಅವಳ ರಟ್ಟೆ ಹಿಡಿದು ನಡೆಸಿಕೊಂಡು ಹೊರಟಳು. ಜನ ದಾರಿ ಬಿಟ್ಟರು. ಯಾರೋ ಹಿಂದಿನಿಂದ, "ಮಗಾ, ನಿಮ್ಮ ಮನೆಯ ಮೀನು, ತಕೊಂಡು ಹೋಗು" ಎಂದರು. ಅವಳು ನಿಂತು, ಹಿಂದಿರುಗಿ ಒಮ್ಮೆ ಬುಟ್ಟಿಯನ್ನೂ ನನ್ನನ್ನೂ ನೋಡಿದಳು.

"ನೀವೇ ತಿನ್ನಿ, ಅತ್ತೆ" ಎಂದಳು.

ಅತ್ತೆ ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು.